ನೀರಿನಲ್ಲಿರುವ ಆರ್ಸೆನಿಕ್, ಸೀಸ, ಪಾದರಸ ಪತ್ತೆ ಮಾಡುವ ಬಯೋಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಯೋಸೆನ್ಸರ್ ಅಂದರೆ ಏನು?

ಅಳೆಯುವ ಕೆಲಸದಲ್ಲಿ ಜೀವಿಯ ಒಂದು ಭಾಗವನ್ನು ಬಳಸುವ ಉಪಕರಣ. ಆ ಭಾಗ ಎಂಜೈಮ್ ಆಗಿರಬಹುದು, ಡಿಎನ್ಎ ತುಣುಕು ಆಗಿರಬಹುದು, ಇಡೀ ಬ್ಯಾಕ್ಟೀರಿಯಾನೇ ಆಗಿರಬಹುದು. ಅದು ಗುರಿ ವಸ್ತುವನ್ನು ಗುರುತು ಹಿಡಿಯುತ್ತದೆ. ಪಕ್ಕದಲ್ಲಿರುವ ಇನ್ನೊಂದು ಭಾಗ ಆ ಗುರುತನ್ನು ಬಣ್ಣ, ಬೆಳಕು ಅಥವಾ ಕರೆಂಟ್ ಆಗಿ ತೋರಿಸುತ್ತದೆ.

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಒಂದು ಬಯೋಸೆನ್ಸರ್ ಈಗಾಗಲೇ ಇದೆ. ಗ್ಲುಕೋಮೀಟರ್‌ನ ಪಟ್ಟಿಯ ಮೇಲೆ ಎಂಜೈಮ್ ಇರುತ್ತದೆ, ಅದು ರಕ್ತದ ಗ್ಲುಕೋಸ್ ಜೊತೆ ವರ್ತಿಸುತ್ತದೆ, ಮೀಟರ್ ಕರೆಂಟ್ ಅಳೆದು ಅಂಕಿ ತೋರಿಸುತ್ತದೆ. ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಮುಂದಿಟ್ಟ ಯೋಚನೆ ಇದು. ನೀರಿನ ಲೋಹಕ್ಕೆ ಅಷ್ಟೇ ಸಲೀಸಾದ ಪಟ್ಟಿ ಇನ್ನೂ ಮನೆಮನೆಗೆ ಬಂದಿಲ್ಲ. ಯಾಕೆ ಬಂದಿಲ್ಲ ಅನ್ನುವುದು ಕೆಳಗಿನ ಉತ್ತರಗಳಲ್ಲಿ ಗೊತ್ತಾಗುತ್ತದೆ.

ಲ್ಯಾಬ್‌ಗಳಿವೆಯಲ್ಲ, ಇದೆಲ್ಲ ಯಾಕೆ ಬೇಕು?

ಲ್ಯಾಬ್‌ನ ಯಂತ್ರಗಳು ನಿಖರವಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಐಸಿಪಿ-ಎಂಎಸ್ ಅನ್ನುವ ಯಂತ್ರ ಒಂದೇ ಸ್ಯಾಂಪಲ್‌ನಲ್ಲಿ ಹತ್ತಾರು ಲೋಹಗಳನ್ನು ಅತಿ ಸಣ್ಣ ಪ್ರಮಾಣದಲ್ಲೂ ಹಿಡಿಯುತ್ತದೆ. ತೊಂದರೆ ಇರುವುದು ಬಾವಿಗಳ ಸಂಖ್ಯೆಯಲ್ಲಿ.

ಬಾಂಗ್ಲಾದೇಶವನ್ನೇ ನೋಡಿ. ಕೆರೆ, ಹೊಂಡದ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಅದನ್ನು ತಪ್ಪಿಸಲು 1970ರ ದಶಕದಿಂದ ಯುನಿಸೆಫ್ ನೆರವಿನಲ್ಲಿ ಕೈಪಂಪಿನ ಟ್ಯೂಬ್‌ವೆಲ್‌ಗಳು ಬಂದವು. ಆಮೇಲೆ ಜನರೇ ಸ್ವಂತ ದುಡ್ಡಿನಲ್ಲಿ ಲಕ್ಷಗಟ್ಟಲೆ ಕೊರೆಸಿಕೊಂಡರು. ನೀರು ತಿಳಿಯಾಗಿತ್ತು, ವಾಸನೆ ಇರಲಿಲ್ಲ, ಕ್ರಿಮಿಯೂ ಇರಲಿಲ್ಲ. ಆದರೆ ಹಿಮಾಲಯದಿಂದ ನದಿಗಳು ತಂದು ಹಾಕಿದ ಮಣ್ಣಿನಲ್ಲಿದ್ದ ಆರ್ಸೆನಿಕ್ ಆ ನೀರಿಗೆ ಇಳಿದಿತ್ತು. ಗಡಿಯ ಈಚೆ ಪಶ್ಚಿಮ ಬಂಗಾಳದಲ್ಲಿ ಚರ್ಮರೋಗ ತಜ್ಞ ಡಾ. ಕೆ.ಸಿ. ಸಾಹಾ 1983ರಲ್ಲೇ ರೋಗಿಗಳ ಚರ್ಮ ನೋಡಿ ಇದನ್ನು ಗುರುತಿಸಿದ್ದರು. ಬಾಂಗ್ಲಾದೇಶದಲ್ಲಿ ಅಧಿಕೃತವಾಗಿ ಪತ್ತೆಯಾಗಲು 1993 ಆಯಿತು.

ಆಮೇಲೆ ದೇಶದಾದ್ಯಂತ ಸುಮಾರು 50 ಲಕ್ಷ ಬಾವಿಗಳನ್ನು ಕೆಮಿಕಲ್ ಕಿಟ್‌ನಿಂದ ಪರೀಕ್ಷಿಸಿದರು. ಲೀಟರಿಗೆ 50 ಮೈಕ್ರೋಗ್ರಾಂ ಮೀರಿದ ಬಾವಿಯ ಪಂಪಿಗೆ ಕೆಂಪು ಬಣ್ಣ, ಉಳಿದದ್ದಕ್ಕೆ ಹಸಿರು. ಸುಮಾರು 14 ಲಕ್ಷ ಪಂಪುಗಳು ಕೆಂಪಾದವು.

ಒಂದು ಬಾವಿ ಕೆಟ್ಟಿದೆ ಅಂದ ಮಾತ್ರಕ್ಕೆ ಪಕ್ಕದ ಮನೆಯದೂ ಕೆಟ್ಟಿರಬೇಕು ಅಂತೇನಿಲ್ಲ. ಢಾಕಾ ಹತ್ತಿರದ ಅರೈಹಜಾರ್‌ನಲ್ಲಿ ಸುಮಾರು 25 ಚದರ ಕಿಲೋಮೀಟರ್ ಜಾಗದ 6,000 ಬಾವಿಗಳನ್ನು ಅಳೆದಾಗ ಇದು ಚೆನ್ನಾಗಿ ಕಂಡಿತು. ಆಳ ಬೇರೆಯಾದರೆ, ಕೆಲವೇ ಹೆಜ್ಜೆ ಆಚೆ ಕೊರೆದರೆ, ನೀರು ಬೇರೆ. ಹಾಗಾಗಿ ಊರಿಗೊಂದು ಸ್ಯಾಂಪಲ್ ಸಾಲದು, ಪ್ರತಿ ಬಾವಿಯನ್ನೂ ನೋಡಬೇಕು, ಕೆಲವು ವರ್ಷ ಬಿಟ್ಟು ಮತ್ತೆ ನೋಡಬೇಕು. ಲಕ್ಷಾಂತರ ಬಾಟಲಿಗಳನ್ನು ಯಾವ ಲ್ಯಾಬ್‌ಗೆ ಹೊತ್ತುಕೊಂಡು ಹೋಗುತ್ತೀರಿ? ಬಯೋಸೆನ್ಸರ್ ಬೇಕೆನಿಸುವುದು ಇಲ್ಲಿ.

ಎಷ್ಟಿದ್ದರೆ ಜಾಸ್ತಿ?

ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಆರ್ಸೆನಿಕ್ 10 ಮೈಕ್ರೋಗ್ರಾಂ, ಸೀಸ 10, ಕ್ಯಾಡ್ಮಿಯಂ 3, ಪಾದರಸ 1, ಒಟ್ಟು ಕ್ರೋಮಿಯಂ 50. ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 10 ಮೈಕ್ರೋಗ್ರಾಂ. ಆದರೆ ಬಾಂಗ್ಲಾದೇಶ ಇನ್ನೂ 50ರಲ್ಲೇ ನಿಂತಿದೆ.

ಇದು ಎಷ್ಟು ಕಡಿಮೆ ಅಂದರೆ, 5,000 ಲೀಟರಿನ ಒಂದು ನೀರಿನ ಟ್ಯಾಂಕರ್‌ನಲ್ಲಿ 50 ಮಿಲಿಗ್ರಾಂ ಆರ್ಸೆನಿಕ್ ಕರಗಿದರೆ ಸಾಕು, ಗಡಿ ಮುಟ್ಟಿತು. ಒಂದು ಗ್ರಾಮಿನ ಇಪ್ಪತ್ತನೇ ಒಂದು ಭಾಗ. ಕಣ್ಣಿಗೂ ನಾಲಿಗೆಗೂ ಇದು ಗೊತ್ತಾಗುವುದಿಲ್ಲ.

ಟಿಡಿಎಸ್ ಮೀಟರ್‌ನಲ್ಲಿ ನೋಡಿದರೆ ಆಗಲ್ವಾ?

ಆಗುವುದಿಲ್ಲ. ಆ ಪೆನ್ನಿನಂಥ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಅದು ತೋರಿಸುವ 300, 400 ಅನ್ನುವ ಅಂಕಿ ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ. ಆರ್ಸೆನಿಕ್‌ನ ಗಡಿ ಒಂದು ಮಿಲಿಗ್ರಾಮಿನ ನೂರನೇ ಒಂದು ಭಾಗ. ಟಿಡಿಎಸ್ 150 ಇರುವ ನೀರಿನಲ್ಲಿ ಸೀಸ ಇರಬಹುದು, 700 ಇರುವ ನೀರು ಬರೀ ಗಡಸು ನೀರಾಗಿರಬಹುದು. ಫಿಲ್ಟರ್ ಮಾರುವವರು ಮನೆ ಬಾಗಿಲಿಗೆ ಬಂದು ಈ ಮೀಟರ್ ಅದ್ದಿ ಹೆದರಿಸಿದರೆ, ಚಹಾ ಕೊಟ್ಟು ಕಳಿಸಿ.

ಬ್ಯಾಕ್ಟೀರಿಯಾ ಆರ್ಸೆನಿಕ್ ಅನ್ನು ಹೇಗೆ ಕಂಡುಹಿಡಿಯುತ್ತದೆ?

ನನ್ನ ಮಟ್ಟಿಗೆ ಈ ವಿಷಯದಲ್ಲೇ ಸೊಗಸಾದ ಭಾಗ ಇದು. ಬ್ಯಾಕ್ಟೀರಿಯಾಗಳಿಗೆ ಆರ್ಸೆನಿಕ್ ಹೊಸದಲ್ಲ. ಕೋಟ್ಯಂತರ ವರ್ಷಗಳಿಂದ ಅದರ ಜೊತೆ ಬದುಕಿವೆ, ತಪ್ಪಿಸಿಕೊಳ್ಳುವ ದಾರಿಯನ್ನೂ ಕಂಡುಕೊಂಡಿವೆ. ನಮ್ಮ ಕರುಳಿನಲ್ಲೇ ಇರುವ ಇ. ಕೋಲಿಯ ಜೀನ್‌ಗಳಲ್ಲಿ 'ಆರ್ಸ್' ಅನ್ನುವ ಒಂದು ಗುಂಪಿದೆ. ಅದರಲ್ಲಿ ಒಂದು ಜೀನ್ ಆರ್ಸೆನಿಕ್ ಅನ್ನು ಹೊರಗೆ ತಳ್ಳುವ ಪಂಪನ್ನು ತಯಾರಿಸುತ್ತದೆ. ಇನ್ನೊಂದು, ಆರ್ಸೆನೇಟ್ ರೂಪವನ್ನು ಆರ್ಸೆನೈಟ್ ಆಗಿ ಬದಲಿಸುವ ಎಂಜೈಮ್ ತಯಾರಿಸುತ್ತದೆ. ಪಂಪಿಗೆ ಹೊರಹಾಕಲು ಬರುವುದು ಆರ್ಸೆನೈಟ್ ಮಾತ್ರ.

ಆದರೆ ಕೆಲಸವಿಲ್ಲದಾಗ ಸುಮ್ನೆ ಪಂಪು ತಯಾರಿಸುತ್ತಾ ಕೂತರೆ ಶಕ್ತಿ ದಂಡ. ಅದಕ್ಕೆ 'ಆರ್ಸ್‌ಆರ್' ಅನ್ನುವ ಪ್ರೋಟೀನ್ ಕಾವಲಿಗಿದೆ. ಆರ್ಸೆನಿಕ್ ಇಲ್ಲದಾಗ ಅದು ಡಿಎನ್ಎ ಮೇಲೆ ಕೂತು ಆ ಜೀನ್‌ಗಳನ್ನು ಓದಲು ಬಿಡುವುದಿಲ್ಲ. ಆರ್ಸೆನೈಟ್ ಬಂದರೆ ಪ್ರೋಟೀನಿನ ಗಂಧಕದ ತುದಿಗಳಿಗೆ ಅಂಟಿಕೊಳ್ಳುತ್ತದೆ, ಪ್ರೋಟೀನಿನ ಆಕಾರ ಬದಲಾಗುತ್ತದೆ, ಹಿಡಿತ ಬಿಡುತ್ತದೆ. ಜೀನ್‌ಗಳು ಶುರುವಾಗುತ್ತವೆ.

ವಿಜ್ಞಾನಿಗಳು ಮಾಡಿದ್ದು ಒಂದು ಸಣ್ಣ ಕಸಿ. ಕಾವಲುಗಾರನ ಹಿಂದೆ, ಬೆಳಕು ಕೊಡುವ ಲುಸಿಫೆರೇಸ್ ಎಂಜೈಮಿನ ಜೀನ್ ಜೋಡಿಸಿದರು. ಈಗ ಆರ್ಸೆನಿಕ್ ಸಿಕ್ಕರೆ ಬ್ಯಾಕ್ಟೀರಿಯಾ ಮಿನುಗುತ್ತದೆ. ಅಳೆಯುವ ವ್ಯಾಪ್ತಿಯೊಳಗೆ ಆರ್ಸೆನಿಕ್ ಜಾಸ್ತಿಯಾದಷ್ಟೂ ಬೆಳಕು ಜಾಸ್ತಿ. ಬೆಳಕಿನ ಬದಲು ಬಣ್ಣ ಬರುವಂತೆಯೂ ಮಾಡಬಹುದು. 2006ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಐಜೆಮ್' ಅನ್ನುವ, ಜೀನ್ ಬದಲಿಸಿ ಜೀವಿಗಳಿಗೆ ಹೊಸ ಕೆಲಸ ಕಲಿಸುವ ಸ್ಪರ್ಧೆಗೆ ತಂದ ವಿನ್ಯಾಸದಲ್ಲಿ, ಆರ್ಸೆನಿಕ್ ಇದ್ದರೆ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ತಿಂದು ಆಮ್ಲ ಬಿಡುತ್ತದೆ, ಹಾಲು ಹುಳಿಯಾಗುವ ಹಾಗೆ. ಆಗ ಪಿಎಚ್ ಇಳಿದು ಸೂಚಕದ ಬಣ್ಣ ಬದಲಾಗುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಡ, ನೋಡುವ ಕಣ್ಣಿದ್ದರೆ ಸಾಕು.

ಇದು ಬರೀ ಪೇಪರ್ ಮೇಲಿನ ಕಥೆಯಾ, ನಿಜವಾದ ಬಾವಿ ನೀರಿನಲ್ಲಿ ನೋಡಿದ್ದಾರಾ?

ನೋಡಿದ್ದಾರೆ. ಸ್ವಿಟ್ಜರ್ಲೆಂಡಿನ ಯಾನ್ ರೂಲೋಫ್ ಫಾನ್ ಡೆರ್ ಮೇರ್ ಅವರ ತಂಡ ವಿಯೆಟ್ನಾಂ ವಿಜ್ಞಾನಿಗಳ ಜೊತೆ ಸೇರಿ ಅಲ್ಲಿನ 194 ಅಂತರ್ಜಲ ಸ್ಯಾಂಪಲ್‌ಗಳನ್ನು ಹೊಳೆಯುವ ಬ್ಯಾಕ್ಟೀರಿಯಾದಿಂದ ಪರೀಕ್ಷಿಸಿತು. ಅದೇ ನೀರನ್ನು ಲ್ಯಾಬ್ ಯಂತ್ರದಲ್ಲೂ ಅಳೆದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 10 ಮೈಕ್ರೋಗ್ರಾಂ ಗಡಿಗೆ ತಪ್ಪಾಗಿ 'ಸುರಕ್ಷಿತ' ಅಂದದ್ದು 8%, ತಪ್ಪಾಗಿ 'ಅಪಾಯ' ಅಂದದ್ದು 2.4%. ಆ ಕಾಲದ ಕೆಮಿಕಲ್ ಕಿಟ್‌ಗಳಿಗಿಂತ ಇದು ಬಹಳ ಮೇಲು.

ಆದರೂ ಆ 8% ನನಗೆ ಸಣ್ಣದಾಗಿ ಕಾಣುವುದಿಲ್ಲ. ಒಳ್ಳೆ ಬಾವಿಗೆ ಕೆಂಪು ಬಳಿದರೆ ಒಂದು ಮನೆಯವರು ಸುಮ್ನೆ ದೂರ ನಡೆಯಬೇಕಾಗುತ್ತದೆ, ಅಷ್ಟೇ. ಕೆಟ್ಟ ಬಾವಿಗೆ ಹಸಿರು ಬಳಿದರೆ ವರ್ಷಗಟ್ಟಲೆ ವಿಷ ಕುಡಿಯುತ್ತಾರೆ. ಆದ್ದರಿಂದ ಗಡಿಯ ಹತ್ತಿರ ಬಂದ ಸ್ಯಾಂಪಲ್‌ಗಳನ್ನೆಲ್ಲ ಲ್ಯಾಬ್‌ಗೆ ಕಳಿಸುವುದೇ ಸರಿ.

ಮುಂದೆ ಜರ್ಮನಿಯ ಲೈಪ್‌ಜಿಗ್‌ನ ಯುಎಫ್‌ಜೆಡ್ ಸಂಶೋಧನಾ ಕೇಂದ್ರ ಇದನ್ನು 'ಆರ್ಸೋಲಕ್ಸ್' ಅನ್ನುವ ಕಿಟ್ ಮಾಡಿತು. ಬ್ಯಾಕ್ಟೀರಿಯಾವನ್ನು ಫ್ರೀಜ್-ಡ್ರೈ ಮಾಡಿ, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿ, ಮುಚ್ಚಿದ ಗಾಜಿನ ಸೀಸೆಯಲ್ಲಿ ಇಟ್ಟಿರುತ್ತಾರೆ. ನೀರು ಹಾಕಿದರೆ ಅದು ಮತ್ತೆ ಜೀವ ತಳೆಯುತ್ತದೆ. ಎರಡು ಗಂಟೆಯ ಆಸುಪಾಸಿನಲ್ಲಿ, ಕೈಯಲ್ಲಿ ಹಿಡಿಯುವ ಬೆಳಕಿನ ಮೀಟರ್‌ನಲ್ಲಿ ಅಂಕಿ ಸಿಗುತ್ತದೆ. ಬಾಂಗ್ಲಾದೇಶದ ಬಾವಿಗಳಲ್ಲಿ ಇದನ್ನು ಪ್ರಯೋಗಿಸಿ 2012ರಲ್ಲಿ ವರದಿ ಮಾಡಿದರು.

ಕೆಮಿಕಲ್ ಕಿಟ್ ಈಗಾಗಲೇ ಅಗ್ಗಕ್ಕೆ ಸಿಗುತ್ತದಲ್ಲ?

ಸಿಗುತ್ತದೆ, ಕೆಲಸವನ್ನೂ ಮಾಡಿದೆ. ನೀರಿಗೆ ಸತುವಿನ ಪುಡಿ ಮತ್ತು ಆಮ್ಲ ಹಾಕಿದರೆ ಆರ್ಸೆನಿಕ್ 'ಆರ್ಸೀನ್' ಅನಿಲವಾಗಿ ಮೇಲೇಳುತ್ತದೆ. ಮುಚ್ಚಳದಲ್ಲಿರುವ ಪಾದರಸದ ಬ್ರೋಮೈಡ್ ಕಾಗದ ಹಳದಿಗೆ, ಆರ್ಸೆನಿಕ್ ಜಾಸ್ತಿಯಿದ್ದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಅನಿಲ ಭಾರಿ ವಿಷ, ಉಳಿಯುವ ಕಾಗದದಲ್ಲಿ ಪಾದರಸ. ಜೊತೆಗೆ ತಿಳಿ ಹಳದಿಯೋ ಸ್ವಲ್ಪ ಗಾಢ ಹಳದಿಯೋ ಅಂತ ಕಣ್ಣಳತೆಯಲ್ಲಿ ತೀರ್ಮಾನಿಸಬೇಕು. 100 ಮೈಕ್ರೋಗ್ರಾಂ ಮೀರಿದ್ದನ್ನು ಹಿಡಿಯಲು ಪರವಾಗಿಲ್ಲ, 10ರ ಹತ್ತಿರ ಕಷ್ಟ.

ಹಾಗಂತ ಅದನ್ನು ಎಸೆಯಬೇಕಿಲ್ಲ. ಒಳ್ಳೆಯ ಬಯೋಸೆನ್ಸರ್ ಬರುವವರೆಗೆ ಕಾಯೋಣ ಅನ್ನುವವರಿಗಿಂತ, ಇವತ್ತು ಕೈಯಲ್ಲಿರುವ ಕಿಟ್ ಹಿಡಿದು ಬಾವಿಗೆ ಹೋದವರೇ ಜಾಸ್ತಿ ಜೀವ ಉಳಿಸಿದ್ದಾರೆ.

ಸೀಸ, ಪಾದರಸಕ್ಕೂ ಇದೇ ದಾರಿಯಾ?

ಪಾದರಸಕ್ಕೆ ಇದೇ ಥರದ ಜೀನ್ ಗುಂಪು ಬ್ಯಾಕ್ಟೀರಿಯಾದಲ್ಲಿದೆ, ಹೆಸರು 'ಮರ್'. ಅದರಿಂದಲೂ ಹೊಳೆಯುವ ಸೆನ್ಸರ್ ಮಾಡಿದ್ದಾರೆ. ಸೀಸಕ್ಕೆ ಇನ್ನೊಂದು ದಾರಿ ಚೆನ್ನಾಗಿ ಬೆಳೆದಿದೆ: ಡಿಎನ್ಎ.

ಡಿಎನ್ಎ ಅಂದರೆ ಬರೀ ವಂಶದ ಮಾಹಿತಿ ಅಂದುಕೊಂಡಿರುತ್ತೇವೆ. ಆದರೆ ಲ್ಯಾಬ್‌ನಲ್ಲಿ ಆರಿಸಿ ತೆಗೆದ ಕೆಲವು ಡಿಎನ್ಎ ಎಳೆಗಳು ಎಂಜೈಮಿನ ಕೆಲಸ ಮಾಡುತ್ತವೆ. ಇವನ್ನು ಡಿಎನ್ಎಜೈಮ್ ಅನ್ನುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಯೀ ಲೂ ಅವರ ತಂಡ 2000ದಲ್ಲಿ ತೋರಿಸಿದ ಸೆನ್ಸರ್‌ನಲ್ಲಿ, ಸೀಸ ಇದ್ದಾಗ ಒಂದು ಎಳೆ ಇನ್ನೊಂದನ್ನು ಕತ್ತರಿಸುತ್ತದೆ, ಹೊಳಪು ಹೆಚ್ಚುತ್ತದೆ. 2003ರಲ್ಲಿ ಅವರೇ ಚಿನ್ನದ ನ್ಯಾನೋ ಕಣಗಳನ್ನು ಇದಕ್ಕೆ ಜೋಡಿಸಿದರು. ಕಣಗಳು ಡಿಎನ್ಎಯಿಂದ ಕಟ್ಟಿಕೊಂಡು ಗುಂಪಾಗಿದ್ದರೆ ದ್ರಾವಣ ನೀಲಿ. ಸೀಸ ಇದ್ದರೆ ಕಟ್ಟು ಕತ್ತರಿಸಿ, ಕಣಗಳು ಬಿಡಿಯಾಗಿ ಉಳಿದು ಕೆಂಪು.

ಪಾದರಸಕ್ಕೆ ಡಿಎನ್ಎಯಲ್ಲಿ ಇನ್ನೂ ಸರಳವಾದ ಉಪಾಯವಿದೆ. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಒಂದು ಥೈಮಿನ್. ಎದುರುಬದುರು ಇರುವ ಎರಡು ಥೈಮಿನ್‌ಗಳ ನಡುವೆ ಪಾದರಸದ ಅಯಾನು ಹೋಗಿ ಕೂರುತ್ತದೆ, ಎಳೆ ಮಡಚಿಕೊಳ್ಳುತ್ತದೆ. ಆ ಮಡಿಕೆಯನ್ನೇ ಅಳೆಯುತ್ತಾರೆ.

ಡಿಎನ್ಎ ಸೆನ್ಸರ್‌ನ ದೊಡ್ಡ ಅನುಕೂಲ, ಅದು ಜೀವಂತ ಅಲ್ಲ. ಸಾಯುವ ಭಯವಿಲ್ಲ, ಸಾಕುವ ಕೆಲಸವಿಲ್ಲ.

ಎಂಜೈಮ್, ಮೀನು, ಮರುವಾಯಿ (ಚಿಪ್ಪಿನ ಜೀವಿ) ಇವುಗಳಿಂದಲೂ ಪತ್ತೆ ಮಾಡುತ್ತಾರಂತೆ?

ಹೌದು, ಆದರೆ ಅವು ಹೇಳುವುದು 'ಏನೋ ವಿಷ ಇದೆ' ಅಂತ ಮಾತ್ರ. ಯೂರಿಯೇಸ್ ಎಂಜೈಮನ್ನು ಪಾದರಸ ತಡೆಯುತ್ತದೆ, ತಾಮ್ರವೂ ತಡೆಯುತ್ತದೆ. ಸ್ವಭಾವದಲ್ಲೇ ಹೊಳೆಯುವ ಸಮುದ್ರದ ಬ್ಯಾಕ್ಟೀರಿಯಾ ಬಳಸುವ 'ಮೈಕ್ರೋಟಾಕ್ಸ್' ಪರೀಕ್ಷೆಯಲ್ಲಿ ವಿಷ ತಗುಲಿದರೆ ಬೆಳಕು ಕಡಿಮೆಯಾಗುತ್ತದೆ. ಅದು ಲೋಹವೋ ಕೀಟನಾಶಕವೋ ಗೊತ್ತಾಗುವುದಿಲ್ಲ. ಕಾರ್ಖಾನೆಯಿಂದ ಹೊರಬರುವ ನೀರಿಗೆ ಎಚ್ಚರಿಕೆ ಗಂಟೆಯಾಗಿ ಇವು ಸರಿ. ಕುಡಿಯುವ ಬಾವಿಗೆ ಸಾಲದು.

ಲ್ಯಾಬ್ ಒಂದು ಅಂಕಿ, ಬಯೋಸೆನ್ಸರ್ ಇನ್ನೊಂದು ಅಂಕಿ ಕೊಟ್ಟರೆ ಯಾವುದನ್ನು ನಂಬುವುದು?

ಎರಡೂ ಸರಿಯಾಗಿರಬಹುದು, ಯಾಕೆಂದರೆ ಅಳೆದದ್ದು ಬೇರೆ ಬೇರೆ. ಲ್ಯಾಬ್ ಆಮ್ಲ ಹಾಕಿ ನೀರಿನಲ್ಲಿರುವ ಒಟ್ಟು ಲೋಹವನ್ನು ಅಳೆಯುತ್ತದೆ. ಬ್ಯಾಕ್ಟೀರಿಯಾ ತನ್ನ ಒಳಗೆ ಬಂದದ್ದನ್ನು ಮಾತ್ರ ಅಳೆಯುತ್ತದೆ. ಮಣ್ಣಿನ ಕಣಕ್ಕೋ ಕೊಳೆತ ಎಲೆಯ ಸಾರಕ್ಕೋ ಅಂಟಿಕೊಂಡ ಲೋಹ ಜೀವಕೋಶದೊಳಗೆ ಸುಲಭಕ್ಕೆ ಹೋಗುವುದಿಲ್ಲ. ಕೆರೆಯ ಮೀನಿಗೆ, ಗದ್ದೆಯ ಪೈರಿಗೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಬ್ಯಾಕ್ಟೀರಿಯಾದ ಅಂಕಿಯೇ ಹೆಚ್ಚು ಹತ್ತಿರ. ಆದರೆ ಕಾನೂನಿನ ಗಡಿ ಇರುವುದು ಒಟ್ಟು ಲೋಹಕ್ಕೆ. ದೂರು ಕೊಡಬೇಕು, ಕೋರ್ಟಿಗೆ ಹೋಗಬೇಕು ಅಂದರೆ ಮಾನ್ಯತೆ ಇರುವ ಲ್ಯಾಬ್‌ನ ವರದಿಯೇ ಬೇಕು.

ಸೆನ್ಸರ್ ಮೋಸ ಹೋಗುವುದು ಯಾವಾಗ?

ಕಬ್ಬಿಣ ಜಾಸ್ತಿ ಇರುವ ನೀರಿನಲ್ಲಿ ಮೊದಲು. ಬಾವಿಯಿಂದ ಮೇಲೆ ಬಂದು ಗಾಳಿ ತಗುಲಿದ ಕೂಡಲೇ ಕಬ್ಬಿಣ ಕೆಂಪು ಗಸಿಯಾಗುತ್ತದೆ. ಗಸಿಯ ಜೊತೆ ಆರ್ಸೆನಿಕ್ ಕೂಡ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ನೀರನ್ನಷ್ಟೇ ಪರೀಕ್ಷಿಸಿದರೆ ಅಂಕಿ ಕಡಿಮೆ ಬರುತ್ತದೆ.

ಫಾಸ್ಫೇಟ್ ಇನ್ನೊಂದು. ಆರ್ಸೆನೇಟ್ ಜೀವಕೋಶದೊಳಗೆ ಹೋಗುವುದು ಫಾಸ್ಫೇಟಿನ ಬಾಗಿಲಿನಿಂದಲೇ. ಫಾಸ್ಫೇಟ್ ಜಾಸ್ತಿಯಿದ್ದರೆ ಆರ್ಸೆನೇಟಿಗೆ ಜಾಗ ಸಿಗುವುದಿಲ್ಲ. ಆಂಟಿಮನಿ ಅನ್ನುವ ಇನ್ನೊಂದು ಧಾತು ಬಂದರೆ ಉಲ್ಟಾ: ಆರ್ಸ್‌ಆರ್ ಅದಕ್ಕೂ ಸ್ಪಂದಿಸುತ್ತದೆ. ಕ್ಯಾಡ್ಮಿಯಂ ಸೆನ್ಸರ್‌ಗಳು ಸೀಸ, ಸತುವಿಗೂ ಬೆಳಗುವುದುಂಟು.

ಇನ್ನೊಂದು ವಿಚಿತ್ರ ಇದೆ. ವಿಷ ತೀರಾ ಜಾಸ್ತಿಯಿದ್ದರೆ ಬ್ಯಾಕ್ಟೀರಿಯಾನೇ ಸತ್ತು ಬೆಳಕು ಆರಿಹೋಗುತ್ತದೆ. ಕತ್ತಲೆ ಅಂದರೆ ಶುದ್ಧ ನೀರು ಅಂತ ತಿಳಿದರೆ ಕೆಟ್ಟಿತು. ಅದಕ್ಕೇ ಸರಿಯಾಗಿ ಮಾಡುವವರು ಅದೇ ನೀರಿಗೆ ಗೊತ್ತಿರುವಷ್ಟು ಆರ್ಸೆನಿಕ್ ಸೇರಿಸಿ ಇನ್ನೊಂದು ಸೀಸೆ ಇಡುತ್ತಾರೆ. ಅದೂ ಹೊಳೆಯದಿದ್ದರೆ ಆ ಪರೀಕ್ಷೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜೀನ್ ಬದಲಿಸಿದ ಬ್ಯಾಕ್ಟೀರಿಯಾ ಹೊರಗೆ ಬಂದರೆ ಅಪಾಯವಲ್ವಾ?

ಬಳಸುವ ಇ. ಕೋಲಿ ತಳಿಗಳು ಲ್ಯಾಬ್‌ನಲ್ಲಿ ದಶಕಗಳಿಂದ ಬೆಳೆದವು, ರೋಗ ತರುವಂಥವಲ್ಲ, ಹೊರಗಿನ ಪೈಪೋಟಿಯಲ್ಲಿ ಬಾಳುವುದು ಕಷ್ಟ. ಸೀಸೆ ಮುಚ್ಚಿರುತ್ತದೆ, ಸಿರಿಂಜ್‌ನಿಂದ ನೀರು ಹಾಕುತ್ತಾರೆ, ಕೆಲಸ ಮುಗಿದ ಮೇಲೆ ಕೊಂದು ಬಿಸಾಡುತ್ತಾರೆ.

ಆದರೂ ಕಾನೂನು ಕಾನೂನೇ. ಭಾರತದಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಇಂಥ ಜೀವಿಗಳ ಬಗ್ಗೆ 1989ರ ನಿಯಮಗಳಿವೆ, ಅನುಮತಿ ಜಿಇಎಸಿ ಅನ್ನುವ ಕೇಂದ್ರ ಸರ್ಕಾರದ ಸಮಿತಿಯಿಂದ ಬರಬೇಕು. ಯುರೋಪಿನಲ್ಲೂ ನಿಯಮ ಬಿಗಿ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಕುಲಾಂತರಿ ಬ್ಯಾಕ್ಟೀರಿಯಾ ಕಳಿಸುವುದಕ್ಕೆ ಯಾವ ಅಧಿಕಾರಿ ಸಹಿ ಹಾಕುತ್ತಾರೆ ಹೇಳಿ! ಇಪ್ಪತ್ತು ವರ್ಷದ ಹಿಂದೆಯೇ ಬಾವಿ ನೀರಿನಲ್ಲಿ ಗೆದ್ದ ತಂತ್ರ ಇನ್ನೂ ಅಂಗಡಿಗೆ ಬಾರದಿರಲು ವಿಜ್ಞಾನಕ್ಕಿಂತ ಅನುಮತಿ, ಸಾಗಾಣಿಕೆ, ಖರೀದಿಸುವವರ ಕೊರತೆ ಇವೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ.

ಇದಕ್ಕೊಂದು ಹೊರದಾರಿ ಬಂದಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜೂಲಿಯಸ್ ಲಕ್ಸ್ ಅವರ ತಂಡ 2020ರಲ್ಲಿ 'ರೋಸಲಿಂಡ್' ಅನ್ನುವುದನ್ನು ಪ್ರಕಟಿಸಿತು. ಇದರಲ್ಲಿ ಜೀವಕೋಶವೇ ಇಲ್ಲ. ಗುರುತು ಹಿಡಿಯುವ ಪ್ರೋಟೀನು, ಡಿಎನ್ಎ, ಅದನ್ನು ಓದುವ ಎಂಜೈಮ್ ಇಷ್ಟನ್ನೇ ತೆಗೆದು ಸಣ್ಣ ಟ್ಯೂಬ್‌ನಲ್ಲಿ ಒಣಗಿಸಿಟ್ಟಿರುತ್ತಾರೆ. ಒಂದು ಹನಿ ನೀರು ಹಾಕಿದರೆ, ಸೀಸ, ತಾಮ್ರ, ಸತು ಹೀಗೆ ಯಾವುದಕ್ಕೆ ಮಾಡಿದ್ದಾರೋ ಅದು ಇದ್ದಾಗ ಹಸಿರಾಗಿ ಹೊಳೆಯುತ್ತದೆ. ಹೊರಗೆ ಹರಡಲು ಜೀವಿಯೇ ಇಲ್ಲವಲ್ಲ.

ಕರ್ನಾಟಕದಲ್ಲಿ ಈ ತೊಂದರೆ ಇದೆಯಾ?

ಬಂಗಾಳದಷ್ಟು ಹರಡಿಲ್ಲ, ಆದರೆ ಇದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಕಲೆ, ಅಂಗೈ ಅಂಗಾಲಿನಲ್ಲಿ ಗಂಟು ಕಾಣಿಸಿಕೊಂಡವು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಜೊತೆಗಾರರು 2013ರಲ್ಲಿ ಇದನ್ನು ಪ್ರಕಟಿಸಿದರು. ಹತ್ತಿರದಲ್ಲೇ ಮುಚ್ಚಿಹೋದ ಮಂಗಳೂರು ಚಿನ್ನದ ಗಣಿ ಇದೆ (ಕರಾವಳಿಯ ಮಂಗಳೂರಲ್ಲ, ಯಾದಗಿರಿಯದೇ ಊರು). ಅಲ್ಲಿ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ.

ಬೆಂಗಳೂರಿನ ಕಥೆ ಬೇರೆ. ಪೀಣ್ಯದ ಕೆಲವೆಡೆ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದೆ, ಅದು ಕಾರ್ಖಾನೆಗಳಿಂದ ಬಂದದ್ದು. ವೃಷಭಾವತಿಯಲ್ಲಿ ಚರಂಡಿ ನೀರಿನ ಜೊತೆ ಕಾರ್ಖಾನೆಯ ನೀರೂ ಹರಿದು ಬೈರಮಂಗಲ ಕೆರೆ ಸೇರುತ್ತದೆ, ಆ ನೀರಿನಲ್ಲೇ ಕೃಷಿಯೂ ನಡೆಯುತ್ತದೆ.

ನನಗೆ ಒಂದು ಬಯೋಸೆನ್ಸರ್ ಬೇಕು, ಎಲ್ಲಿ ಸಿಗುತ್ತದೆ?

ಮನೆ ಬಳಕೆಗೆ ಸದ್ಯಕ್ಕೆ ಇದರ ಹಿಂದೆ ಬೀಳಬೇಡಿ. ನಿಮ್ಮ ಜಿಲ್ಲೆಯ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ನಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕಕ್ಕೆ ನೀರು ಪರೀಕ್ಷೆ ಮಾಡಿಸಬಹುದು. ಹೋದಾಗ 'ನೀರು ಟೆಸ್ಟ್ ಮಾಡಿ' ಅಂದರೆ ಸಾಲದು. ಆರ್ಸೆನಿಕ್, ಸೀಸ ಅಂತ ಹೆಸರು ಹೇಳಿಯೇ ಕೇಳಿ. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಮಾನ್ಯತೆ ಇರುವ ಖಾಸಗಿ ಲ್ಯಾಬ್ ನೋಡಿ. ಪಂಚಾಯಿತಿಗಳಿಗೆ ಕೊಟ್ಟಿರುವ ಸಾಮಾನ್ಯ ಕಿಟ್‌ನಲ್ಲಿ ಪಿಎಚ್, ಫ್ಲೋರೈಡ್, ನೈಟ್ರೇಟ್, ಗಡಸುತನದಂಥವು ಗೊತ್ತಾಗುತ್ತವೆ. ಸೀಸ, ಕ್ಯಾಡ್ಮಿಯಂ ಗೊತ್ತಾಗುವುದಿಲ್ಲ.

ಸ್ಯಾಂಪಲ್ ಹೇಗೆ ಹಿಡಿಯಬೇಕು?

ಬೋರ್‌ವೆಲ್ ಅಥವಾ ಕೈಪಂಪು ಆದರೆ ಕೆಲವು ನಿಮಿಷ ನೀರು ಹರಿಯಬಿಟ್ಟು, ಪೈಪಿನಲ್ಲಿ ನಿಂತದ್ದು ಹೋದ ಮೇಲೆ ಹಿಡಿಯಿರಿ. ನಲ್ಲಿ ಅಥವಾ ಪೈಪಿನಿಂದ ಸೀಸ ಬರುತ್ತಿದೆ ಅನ್ನುವ ಅನುಮಾನವಿದ್ದರೆ ಪೂರ್ತಿ ಉಲ್ಟಾ: ರಾತ್ರಿಯೆಲ್ಲ ನಿಂತ ನೀರನ್ನು ಬೆಳಿಗ್ಗೆ ಮೊದಲ ಹನಿಯಿಂದಲೇ ಹಿಡಿಯಬೇಕು. ಬಾಟಲಿಯನ್ನು ಲ್ಯಾಬ್‌ನಿಂದಲೇ ತರುವುದು ಒಳ್ಳೆಯದು. ಲೋಹದ ಪರೀಕ್ಷೆಗೆ ಸಾಮಾನ್ಯವಾಗಿ ನೈಟ್ರಿಕ್ ಆಮ್ಲ ಸೇರಿಸುತ್ತಾರೆ, ಆ ಕೆಲಸ ಅವರಿಗೇ ಬಿಡಿ.

ಕುದಿಸಿ ಕುಡಿದರೆ?

ಕುದಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಹಾಗೇ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಲೋಹ ಇನ್ನೂ ದಟ್ಟವಾಗುತ್ತದೆ. ಆರ್‌ಒ ಯಂತ್ರ ಆರ್ಸೆನೇಟನ್ನು ಚೆನ್ನಾಗಿ ತಡೆಯುತ್ತದೆ, ಆರ್ಸೆನೈಟನ್ನು ಅಷ್ಟಾಗಿ ಅಲ್ಲ. ಬಾವಿಯ ಆಳದಲ್ಲಿ ಸಿಗುವುದು ಹೆಚ್ಚಾಗಿ ಆರ್ಸೆನೈಟ್. ಹಾಗಾಗಿ ಆರ್‌ಒ ಹಾಕಿಸಿದ ಮೇಲೆ ಅದರಿಂದ ಹೊರಬಂದ ನೀರನ್ನೂ ಒಮ್ಮೆ ಪರೀಕ್ಷಿಸಿ.

ನಮ್ಮ ಬಾವಿಯಲ್ಲಿ ಆರ್ಸೆನಿಕ್ ಗಡಿ ಮೀರಿದೆ ಅಂತ ಬಂತು. ಮುಂದೇನು?

ಕುಡಿಯಲು, ಅಡುಗೆಗೆ ಆ ನೀರು ನಿಲ್ಲಿಸಿ. ಅನ್ನ ಬೇಯಿಸುವ ನೀರನ್ನು ಅಕ್ಕಿ ಹೀರಿಕೊಳ್ಳುತ್ತದೆ, ಆರ್ಸೆನಿಕ್ ಕೂಡ ಜೊತೆಗೇ ಹೋಗುತ್ತದೆ. ಸ್ನಾನ, ಬಟ್ಟೆ ಒಗೆಯುವುದಕ್ಕೆ ಬಳಸಬಹುದು, ಚರ್ಮದ ಮೂಲಕ ದೇಹಕ್ಕೆ ಸೇರುವುದು ಬಹಳ ಕಡಿಮೆ. ಪಕ್ಕದ ಮನೆಯ, ಬೇರೆ ಆಳದ ಬಾವಿಯನ್ನು ಪರೀಕ್ಷಿಸಿ. ಅರೈಹಜಾರ್‌ನಲ್ಲೂ ತುಂಬಾ ಜನರಿಗೆ ಸಿಕ್ಕ ಮೊದಲ ಪರಿಹಾರ ನೆರೆಯವರ ಹಸಿರು ಪಂಪೇ ಆಗಿತ್ತು. ಚರ್ಮದಲ್ಲಿ ಕಲೆ, ಅಂಗೈಯಲ್ಲಿ ಒರಟು ಗಂಟು ಇದ್ದವರನ್ನು ಡಾಕ್ಟರಿಗೆ ತೋರಿಸಿ, ನೀರಿನ ವರದಿಯನ್ನೂ ಜೊತೆಗೆ ಒಯ್ಯಿರಿ. ಅದಿಲ್ಲದೆ ಬರೀ ಚರ್ಮರೋಗ ಅಂತ ಮುಲಾಮು ಬರೆದು ಕಳಿಸುವ ಸಾಧ್ಯತೆ ಜಾಸ್ತಿ.